ಸರ್ವರ್ ನವೀಕರಣದಲ್ಲಿ ಪೂರ್ವವ್ಯವಸ್ಥೆಯ ರಕ್ಷಣೆ: ದತ್ತಸಂಚಯಗಳ ಸಂರಚನಾ ಕಡತಗಳ ಇತಿಹಾಸವನ್ನು ಕುರಿತು

1. ಪೀಠಿಕೆ

ಆಕರಗಳ ರಕ್ಷಣೆ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಓಲೆಗರಿ, ತಾಮ್ರಪಟ, ಕಡತಗಳು ನೆನಪಿಗೆ ಬರುವುದು ಸಹಜ. ಆದರೆ ಶಾಸನಗಳ ಸೂಚಿಯಾಗಲಿ, ಹಸ್ತಪ್ರತಿಗಳ ವರ್ಣನಾತ್ಮಕ ಪಟ್ಟಿಯಾಗಲಿ, ಗ್ರಂಥಾಲಯದ ಪುಸ್ತಕಪಟ್ಟಿಯಾಗಲಿ ಇಂದು ಬಹುಮಟ್ಟಿಗೆ ದತ್ತಸಂಚಯಗಳನ್ನು, ಎಂದರೆ ವಾಡಿಕೆಯ ಮಾತಿನ ಡೇಟಾಬೇಸುಗಳನ್ನು, ಸೇರಿಹೋಗಿವೆ. ಹೀಗಿರಲು ಆ ದತ್ತಸಂಚಯಗಳನ್ನು ಕಾಯುವ ಯಂತ್ರವ್ಯವಸ್ಥೆಯ ಇತಿಹಾಸವೂ ಆಕರರಕ್ಷಣೆಯ ಇತಿಹಾಸದ ಒಂದು ಅಂಗವೇ ಆಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ದತ್ತಸಂಚಯದ ಸರ್ವರಿಗೆ ಎರಡು ಬಗೆಯ ಸ್ವತ್ತು ಉಂಟು. ಮೊದಲನೆಯದು ಅದರೊಳಗೆ ತುಂಬಿಸಿಟ್ಟ ದತ್ತಾಂಶ. ಎರಡನೆಯದು, ಸರ್ವರು ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಒಂದು ಚಿಕ್ಕ ಪಠ್ಯಕಡತ. ದತ್ತಾಂಶವನ್ನು ಯಾವ ಸ್ಥಳದಲ್ಲಿ ಇಡತಕ್ಕದ್ದು, ಎಷ್ಟು ಸ್ಮೃತಿಯನ್ನು ಬಳಸತಕ್ಕದ್ದು, ಯಾವ ವಿಳಾಸದಿಂದ ಬಂದವರಿಗೆ ಪ್ರವೇಶ ಕೊಡತಕ್ಕದ್ದು, ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ ಬರೆಯತಕ್ಕದ್ದು ಎಂಬ ವಿಧಿಗಳು ಅದರಲ್ಲಿ ಸಾಲುಸಾಲಾಗಿ ಇರುತ್ತವೆ. ಇದನ್ನೇ ಸಂರಚನಾ ಕಡತ ಅಥವಾ ಕಾನ್ಫಿಗರೇಷನ್ ಫೈಲು ಎನ್ನುವರು. ದತ್ತಾಂಶದ ಪ್ರತಿಯನ್ನು ತೆಗೆದಿಡುವ ಎಚ್ಚರ ಸಾಮಾನ್ಯವಾಗಿ ಎಲ್ಲರಲ್ಲಿಯೂ ಇರುತ್ತದೆ. ಈ ಚಿಕ್ಕ ಕಡತದ ವಿಷಯದಲ್ಲಿ ಆ ಎಚ್ಚರ ಅಷ್ಟಾಗಿ ಕಾಣುವುದಿಲ್ಲ.

ಪ್ರಸ್ತುತ ಲೇಖಕನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಒಂದು ನಷ್ಟದಿಂದ. ಸುಮಾರು ಹತ್ತು ವರ್ಷಗಳ ಹಿಂದೆ, ವಿದ್ಯಾರ್ಥಿದೆಸೆಯಲ್ಲಿ, ಒಂದು ಸಂಸ್ಥೆಯ ಶಾಸನಸೂಚಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ನಾನೂ ಒಬ್ಬನಾಗಿದ್ದೆ. ಆ ನಡುವೆ ಸರ್ವರ್ ತಂತ್ರಾಂಶದ ನವೀಕರಣವಾಯಿತು. ಹಳೆಯ ನಮೂದುಗಳೆಲ್ಲ ಮೊದಲಿನಂತೆಯೇ ಓದಲು ಬರುತ್ತಿದ್ದುದರಿಂದ ಯಾರಿಗೂ ಸಂದೇಹ ಬರಲಿಲ್ಲ. ಅನಂತರ ಮತ್ತೊಂದು ತಾಲ್ಲೂಕಿಗಾಗಿ ಹೊಸ ದತ್ತಸಂಚಯವೊಂದನ್ನು ತೆರೆದು ಎರಡು ವಾರ ನಮೂದು ಮಾಡಿದೆವು. ಪರಿಶೀಲನೆಗೆಂದು ತೆರೆದು ನೋಡಿದಾಗ ಊರಿನ ಹೆಸರು, ಅರಸನ ಹೆಸರು, ಶಾಸನದ ಸಾರ ಎಲ್ಲವೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳಾಗಿದ್ದವು. ಅವುಗಳಿಂದ ಮೂಲಾಕ್ಷರಗಳನ್ನು ಮರಳಿ ಪಡೆಯುವ ಉಪಾಯವಿರಲಿಲ್ಲ. ಕೈಬರಹದ ಚೀಟಿಗಳು ಉಳಿದಿದ್ದುದರಿಂದ ಕೆಲಸವನ್ನು ಮೊದಲಿನಿಂದ ಮಾಡಲು ಸಾಧ್ಯವಾಯಿತು. ಈ ಅನರ್ಥಕ್ಕೆ ಕಾರಣವೇನೆಂಬುದನ್ನು ಮುಂದೆ ವಿವರಿಸಲಾಗುವುದು. ಅದಕ್ಕೆ ಮೊದಲು, ನವೀಕರಣದ ಕಾಲದಲ್ಲಿ ಪೂರ್ವವ್ಯವಸ್ಥೆಯನ್ನು ಕಾಪಾಡುವ ಪದ್ಧತಿಗಳು ಹೇಗೆ ಬೆಳೆದುಬಂದವು ಎಂಬುದನ್ನು ತಿಳಿಯುವುದು ಅಗತ್ಯ.

2. ಮೂರು ಪ್ರತಿಗಳ ತತ್ತ್ವ

ಯೂನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿ ಯಂತ್ರಕ್ಕೆ ಸಂಬಂಧಪಟ್ಟ ಸಂರಚನಾ ಕಡತಗಳೆಲ್ಲವೂ ಇಟಿಸಿ ಎಂಬ ಕೋಶದಲ್ಲಿರುವುದು ಬಹುಕಾಲದ ರೂಢಿ. ಪ್ರೋಗ್ರಾಮುಗಳು ಒಂದು ಕಡೆ, ಅವುಗಳ ವ್ಯವಸ್ಥೆಯ ವಿಧಿಗಳು ಇನ್ನೊಂದು ಕಡೆ ಎಂಬ ಈ ವಿಭಜನೆ ಉಪಯುಕ್ತವಾದದ್ದೇ. ಆದರೂ ತಂತ್ರಾಂಶವನ್ನು ಒಂದು ದೊಡ್ಡ ಗಂಟಿನ ರೂಪದಲ್ಲಿ ತಂದು ಹಳೆಯದರ ಮೇಲೆ ಬಿಚ್ಚುತ್ತಿದ್ದ ಕಾಲದಲ್ಲಿ, ಗಂಟಿನೊಳಗೆ ಅದೇ ಹೆಸರಿನ ಸಂರಚನಾ ಕಡತವಿದ್ದರೆ ಸ್ಥಳೀಯರು ತಿದ್ದಿಕೊಂಡಿದ್ದ ಕಡತ ಅದರಡಿಯಲ್ಲಿ ಅಳಿದುಹೋಗುತ್ತಿತ್ತು. ಅನುಭವಸ್ಥರು ನವೀಕರಣಕ್ಕೆ ಮುಂಚೆ ಇಟಿಸಿ ಕೋಶವನ್ನು ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಉಳಿದವರು ಕಳೆದುಕೊಂಡು ಕಲಿಯುತ್ತಿದ್ದರು.

1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬುವರು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಆರಂಭವನ್ನು ಪ್ರಕಟಿಸಿದರು. ಅದರ ಪ್ಯಾಕೇಜುಗಳನ್ನು ನಿರ್ವಹಿಸುವ ಡಿಪಿಕೆಜಿ ಎಂಬ ಸಾಧನವನ್ನು ಮೊದಲು ಮರ್ಡಾಕ್ ಅವರೇ ಬರೆದರು. ಬಳಿಕ ಅದನ್ನು ಪರ್ಲ್ ಭಾಷೆಯಲ್ಲಿ ಬರೆಯಲಾಯಿತು. 1994ರಲ್ಲಿ ಇಯಾನ್ ಜ್ಯಾಕ್ಸನ್ ಅದರ ಮುಖ್ಯಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ರಚಿಸಿದರು. ಹೀಗೆ ಬೆಳೆದುಬಂದ ಡಿಪಿಕೆಜಿಯಲ್ಲಿ ಸಂರಚನಾ ಕಡತಗಳನ್ನು ಕುರಿತು ಒಂದು ವಿಶೇಷವಾದ ವಿಧಾನವುಂಟು. ಪ್ಯಾಕೇಜನ್ನು ಸಿದ್ಧಪಡಿಸುವವನು ಅದರಲ್ಲಿರುವ ಯಾವ ಯಾವ ಕಡತಗಳು ಸಂರಚನೆಗೆ ಸೇರಿದವು ಎಂಬುದನ್ನು ಒಂದು ಪಟ್ಟಿಯಲ್ಲಿ ಹೇಳುತ್ತಾನೆ. ಪ್ಯಾಕೇಜನ್ನು ಸ್ಥಾಪಿಸುವಾಗ ಆ ಕಡತಗಳು ಬಂದ ಸ್ಥಿತಿಯಲ್ಲಿ ಹೇಗಿದ್ದವು ಎಂಬುದರ ಮುದ್ರೆಯೊಂದನ್ನು ಡಿಪಿಕೆಜಿ ತನ್ನ ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈ ಮುದ್ರೆ ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಎಂಬ ಗಣಿತವಿಧಾನದಿಂದ ದೊರೆಯುವ 32 ಚಿಹ್ನೆಗಳ ಸಾಲು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಾಲು ಬೇರೆಯಾಗುತ್ತದೆ.

ನವೀಕರಣದ ಹೊತ್ತಿಗೆ ಡಿಪಿಕೆಜಿಯ ಮುಂದೆ ಮೂರು ಸಾಕ್ಷ್ಯಗಳಿರುತ್ತವೆ: ಹಿಂದಿನ ಪ್ಯಾಕೇಜು ತಂದ ಕಡತದ ಮುದ್ರೆ, ಈಗ ಯಂತ್ರದಲ್ಲಿರುವ ಕಡತ, ಹೊಸ ಪ್ಯಾಕೇಜು ತಂದಿರುವ ಕಡತ. ಮೊದಲೆರಡೂ ಒಂದೇ ಆಗಿದ್ದರೆ ಸ್ಥಳೀಯರು ಏನನ್ನೂ ತಿದ್ದಿಲ್ಲವೆಂದು ತಿಳಿದು ಹೊಸ ಕಡತವನ್ನು ಮೌನವಾಗಿ ಹಾಕಲಾಗುತ್ತದೆ. ಸ್ಥಳೀಯರು ತಿದ್ದಿದ್ದು, ಪ್ಯಾಕೇಜಿನ ಕಡತ ಹಿಂದಿನಂತೆಯೇ ಇದ್ದರೆ, ಸ್ಥಳೀಯ ಕಡತವನ್ನು ಹಾಗೆಯೇ ಬಿಡಲಾಗುತ್ತದೆ. ಎರಡೂ ಕಡೆ ಬದಲಾವಣೆಯಾಗಿದ್ದರೆ ಮಾತ್ರ ಡಿಪಿಕೆಜಿ ಕೆಲಸವನ್ನು ನಿಲ್ಲಿಸಿ ನಿರ್ವಾಹಕನನ್ನು ಪ್ರಶ್ನಿಸುತ್ತದೆ. ಇದ್ದದ್ದನ್ನು ಉಳಿಸಬಹುದು, ಹೊಸದನ್ನು ಸ್ವೀಕರಿಸಬಹುದು, ಅಥವಾ ಎರಡರ ನಡುವಣ ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದು. ಏನೂ ಹೇಳದೆ ಕೀಲಿ ಒತ್ತಿದರೆ ಇದ್ದದ್ದು ಉಳಿಯುತ್ತದೆ. ಬಿಟ್ಟುಕೊಟ್ಟ ಪ್ರತಿಯೂ ನಾಶವಾಗುವುದಿಲ್ಲ: ಹಳೆಯದನ್ನು ಬಿಟ್ಟರೆ ಅದು ಡಿಪಿಕೆಜಿ-ಓಲ್ಡ್ ಎಂಬ ಬಾಲವನ್ನೂ, ಹೊಸದನ್ನು ಬಿಟ್ಟರೆ ಅದು ಡಿಪಿಕೆಜಿ-ಡಿಸ್ಟ್ ಎಂಬ ಬಾಲವನ್ನೂ ಪಡೆದು ಪಕ್ಕದಲ್ಲಿಯೇ ಉಳಿಯುತ್ತದೆ. ಸ್ಥಳೀಯರು ಯಾವುದಾದರೂ ಸಂರಚನಾ ಕಡತವನ್ನು ಅಳಿಸಿಹಾಕಿದ್ದರೆ ಅದನ್ನು ಮತ್ತೆ ತಂದಿಡುವುದೂ ಇಲ್ಲ. ಅಳಿಸಿದ್ದೂ ಒಂದು ನಿರ್ಧಾರವೆಂದೇ ಪರಿಗಣಿತವಾಗುತ್ತದೆ.

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಈ ಕ್ರಮ ಹೊಸದಾಗಿ ತೋರಲಾರದು. ಎರಡು ಪ್ರತಿಗಳು ಭಿನ್ನವಾಗಿದ್ದಾಗ ಅವೆರಡನ್ನೇ ಎದುರಿಗಿಟ್ಟುಕೊಂಡರೆ ಯಾವುದು ಯಾವುದರಿಂದ ಬೇರೆಯಾಯಿತೆಂದು ಹೇಳಲಾಗುವುದಿಲ್ಲ. ಎರಡಕ್ಕೂ ಮೂಲವಾದ ಮೂರನೆಯ ಪ್ರತಿಯ ಅರಿವು ಬೇಕು. ಡಿಪಿಕೆಜಿಯ ದಫ್ತರದಲ್ಲಿರುವ ಮುದ್ರೆ ಆ ಮೂಲಪ್ರತಿಯ ನೆರಳು. ಆದರೆ ನೆರಳೆಂಬುದನ್ನು ಮರೆಯಬಾರದು. ಕಡತ ಬದಲಾಗಿದೆಯೋ ಇಲ್ಲವೋ ಎಂಬುದನ್ನು ಮುದ್ರೆ ತಿಳಿಸಬಲ್ಲುದೇ ಹೊರತು ಯಾವ ಸಾಲು, ಯಾರಿಂದ, ಏತಕ್ಕಾಗಿ ಬದಲಾಯಿತೆಂಬುದನ್ನು ತಿಳಿಸಲಾರದು.

ಈ ವಿಧಾನವು ಕ್ರಮೇಣ ನಿಯಮದ ರೂಪವನ್ನು ತಾಳಿತು. ಸ್ಥಳೀಯರು ಮಾಡಿಕೊಂಡ ಬದಲಾವಣೆಗಳು ನವೀಕರಣದಲ್ಲಿ ಉಳಿಯಲೇಬೇಕು. ಪ್ಯಾಕೇಜನ್ನು ತೆಗೆದುಹಾಕಿದರೂ ಸಂರಚನಾ ಕಡತಗಳು ಇರಬೇಕು. ಸಂಪೂರ್ಣ ಶೋಧನೆಯನ್ನು ನಿರ್ವಾಹಕನೇ ಬಯಸಿದಾಗ ಮಾತ್ರ ಅವನ್ನು ಅಳಿಸಬಹುದು ಎಂದು ಡೆಬಿಯನ್ನಿನ ನೀತಿಸಂಹಿತೆ ವಿಧಿಸುತ್ತದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ, ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟ ದತ್ತಿಯನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂಬ ಆಶಯ ಮೇಲಿಂದ ಮೇಲೆ ಬರುತ್ತದಷ್ಟೆ. ಆಳ್ವಿಕೆ ಬದಲಾದಾಗ ಹಿಂದಿನ ವ್ಯವಸ್ಥೆಗೆ ಭಯ ಇದ್ದೇ ಇರುತ್ತದೆಂಬ ಅನುಭವವೇ ಆ ಶ್ಲೋಕಗಳ ಹಿನ್ನೆಲೆ. ತಂತ್ರಾಂಶದ ನವೀಕರಣವೂ ಒಂದು ಬಗೆಯ ಆಳ್ವಿಕೆಯ ಬದಲಾವಣೆ. ಇಲ್ಲಿ ಶಾಪದ ಸ್ಥಾನದಲ್ಲಿ ನೀತಿಸಂಹಿತೆ ನಿಂತಿದೆ.

3. ಕೇಳುವ ಸಂಪ್ರದಾಯ, ಕೇಳದ ಸಂಪ್ರದಾಯ

ಡೆಬಿಯನ್ನಿನ ಮಾರ್ಗವೊಂದೇ ಮಾರ್ಗವೆಂದು ಭಾವಿಸಬಾರದು. 1995ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ವಿತರಣೆಯೊಡನೆ ಆರ್‌ಪಿಎಂ ಎಂಬ ಪ್ಯಾಕೇಜ್ ನಿರ್ವಾಹಕ ಹೊರಬಂದಿತು. ಎರಿಕ್ ಟ್ರೋನ್ ಮತ್ತು ಮಾರ್ಕ್ ಯುಯಿಂಗ್ ಅದರ ಕರ್ತೃಗಳು. ನವೀಕರಣದ ನಡುವೆ ಮನುಷ್ಯನನ್ನು ಪ್ರಶ್ನಿಸಕೂಡದು ಎಂಬುದು ಈ ಸಂಪ್ರದಾಯದ ನಿಲುವು. ನೂರಾರು ಯಂತ್ರಗಳನ್ನು ಒಮ್ಮೆಗೇ ನವೀಕರಿಸುವಲ್ಲಿ ಪ್ರತಿಯೊಂದರ ಮುಂದೆಯೂ ಉತ್ತರ ಕೊಡಲು ಒಬ್ಬನು ಕುಳಿತಿರಲು ಸಾಧ್ಯವಿಲ್ಲವಷ್ಟೆ. ಆದುದರಿಂದ ಇಲ್ಲಿ ನಿರ್ಣಯವನ್ನು ಪ್ಯಾಕೇಜಿನ ಕರ್ತೃವೇ ಮೊದಲೇ ಮಾಡಿಟ್ಟಿರುತ್ತಾನೆ. ಅವನು ಕಡತವನ್ನು ಬರಿಯ ಸಂರಚನೆಯೆಂದು ಗುರುತಿಸಿದ್ದರೆ, ಎರಡೂ ಕಡೆ ಬದಲಾಗಿರುವ ಸಂದರ್ಭದಲ್ಲಿ ಹೊಸ ಕಡತ ಸ್ಥಾನವನ್ನು ಪಡೆದು, ಸ್ಥಳೀಯ ಕಡತ ಆರ್‌ಪಿಎಂ-ಸೇವ್ ಎಂಬ ಹೆಸರಿನಿಂದ ಪಕ್ಕಕ್ಕೆ ಸರಿಯುತ್ತದೆ. ಬದಲಿಸಕೂಡದ ಸಂರಚನೆಯೆಂದು ಗುರುತಿಸಿದ್ದರೆ ಸ್ಥಳೀಯ ಕಡತ ಸ್ಥಾನದಲ್ಲಿಯೇ ಉಳಿದು, ಹೊಸದು ಆರ್‌ಪಿಎಂ-ನ್ಯೂ ಎಂಬ ಹೆಸರಿನಿಂದ ಕಾಯುತ್ತದೆ.

ಎರಡು ಸಂಪ್ರದಾಯಗಳಲ್ಲಿಯೂ ಗುಣದೋಷಗಳುಂಟು. ಕೇಳುವ ಸಂಪ್ರದಾಯದಲ್ಲಿ ಎಚ್ಚರಕ್ಕೆ ಅವಕಾಶವಿದೆ. ಆದರೆ ನಡುರಾತ್ರಿಯಲ್ಲಿ ಹತ್ತನೆಯ ಪ್ರಶ್ನೆಗೆ ಉತ್ತರಿಸುವವನ ಎಚ್ಚರ ಮೊದಲನೆಯ ಪ್ರಶ್ನೆಗೆ ಉತ್ತರಿಸಿದಾಗ ಇದ್ದಷ್ಟು ಇರುವುದಿಲ್ಲ. ಕೇಳದ ಸಂಪ್ರದಾಯದಲ್ಲಿ ಕೆಲಸ ನಿಲ್ಲುವುದಿಲ್ಲ. ಆದರೆ ಪಕ್ಕದಲ್ಲಿ ಬಂದು ಕುಳಿತ ಹೊಸ ಕಡತವನ್ನು ಯಾರೂ ತೆರೆದುನೋಡದೆ ವರ್ಷಗಳು ಕಳೆಯುವುದುಂಟು. ಯಂತ್ರಗಳ ಸಂಖ್ಯೆ ಬೆಳೆದಂತೆ ಡೆಬಿಯನ್ನಿನವರೂ ಉತ್ತರವನ್ನು ಮುಂಚಿತವಾಗಿ ಹೇಳಿಬಿಡುವ ಸೌಕರ್ಯವನ್ನು ಒದಗಿಸಿದರು: ಯಾವಾಗಲೂ ಹಳೆಯದನ್ನೇ ಉಳಿಸು, ಅಥವಾ ಯಾವಾಗಲೂ ಹೊಸದನ್ನೇ ಹಾಕು ಎಂದು ಆಜ್ಞೆಯಲ್ಲಿಯೇ ಸೇರಿಸಬಹುದು. ಪ್ಯಾಕೇಜಿನೊಳಗೆ ಸಿದ್ಧರೂಪದಲ್ಲಿ ಬಾರದೆ ಸ್ಥಾಪನೆಯ ಕಾಲದಲ್ಲಿ ತಯಾರಾಗುವ ಕಡತಗಳಿಗೂ ಇಂಥದೇ ರಕ್ಷಣೆ ದೊರೆಯಲೆಂದು ಮನೋಜ್ ಶ್ರೀವಾಸ್ತವ ಅವರು ಯುಸಿಎಫ್ ಎಂಬ ಸಾಧನವನ್ನು ರಚಿಸಿದರು.

4. ದತ್ತಸಂಚಯಗಳ ವಿಶೇಷ ಸಮಸ್ಯೆ

ಇತರ ತಂತ್ರಾಂಶಗಳಲ್ಲಿ ಸಂರಚನೆ ಕಳೆದುಹೋದರೆ ಸೌಕರ್ಯ ಕೆಡುತ್ತದೆ, ದತ್ತಸಂಚಯದಲ್ಲಿ ಹಾಗಲ್ಲ. ಡಿಸ್ಕಿನ ಮೇಲೆ ಈಗಾಗಲೇ ಬರೆದಿಟ್ಟ ದತ್ತಾಂಶಕ್ಕೂ ಸಂರಚನೆಯ ಸಾಲಿಗೂ ಒಪ್ಪಂದವಿರುತ್ತದೆ. ಒಂದು ಮುರಿದರೆ ಇನ್ನೊಂದು ನಿಲ್ಲುವುದಿಲ್ಲ. ಇದಕ್ಕೆ ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧ ಸರ್ವರಿನಿಂದ ನಿದರ್ಶನಗಳನ್ನು ಕೊಡಬಹುದು. ಇದು 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಮೈಕೇಲ್ ವಿಡೇನಿಯಸ್ ಅದರ ಪ್ರಧಾನ ಕರ್ತೃ.

ಮೊದಲನೆಯ ನಿದರ್ಶನ ದತ್ತಾಂಶದ ಸ್ಥಳವನ್ನು ಹೇಳುವ ಸಾಲು. ದತ್ತಾಂಶ ಬೆಳೆದು ಮೂಲಸ್ಥಳ ಸಾಲದಾದಾಗ ನಿರ್ವಾಹಕರು ಅದನ್ನು ದೊಡ್ಡ ಡಿಸ್ಕಿಗೆ ಸಾಗಿಸಿ, ಸಂರಚನಾ ಕಡತದಲ್ಲಿ ಹೊಸ ಸ್ಥಳವನ್ನು ಬರೆಯುತ್ತಾರೆ. ನವೀಕರಣದಲ್ಲಿ ಈ ಸಾಲು ಹೋದರೆ ಸರ್ವರು ಮೂಲಸ್ಥಳಕ್ಕೆ ಹೋಗಿ ಬರಿದಾದ ದತ್ತಸಂಚಯವನ್ನು ತೆರೆದುಕೊಂಡು ಕುಳಿತುಬಿಡಬಹುದು. ಬಳಕೆದಾರರಿಗೆ ಸರ್ವಸ್ವವೂ ಅಳಿದಂತೆ ತೋರುತ್ತದೆ. ನಿಜವಾಗಿ ಏನೂ ಅಳಿದಿರುವುದಿಲ್ಲ. ಕಾವಲುಗಾರನು ಬೇರೆ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾನೆ, ಅಷ್ಟೆ. ಈ ಭ್ರಾಂತಿಯಲ್ಲಿ ಅವಸರದಿಂದ ಹಳೆಯ ಪ್ರತಿಯನ್ನು ತುಂಬಿಸಲು ಹೊರಟರೆ ನಿಜವಾದ ಗೊಂದಲ ಆಗ ಹುಟ್ಟುತ್ತದೆ.

ಎರಡನೆಯದು, ಇನ್ನೋಡಿಬಿ ಎಂಬ ಸಂಗ್ರಹಭಾಗದ ದಿನಚರಿ ಕಡತದ ಗಾತ್ರ. ಮೈಎಸ್‌ಕ್ಯೂಎಲ್ 5.5ರ ವರೆಗೆ ಇದರ ಸಹಜ ಗಾತ್ರ 5 ಮೆಗಾಬೈಟು. ಕೆಲಸ ಹೆಚ್ಚಿದ್ದ ಕಡೆ ಇದನ್ನು ಹಲವು ಪಟ್ಟು ದೊಡ್ಡದು ಮಾಡಿಕೊಳ್ಳುತ್ತಿದ್ದರು. ಆ ಸಾಲನ್ನು ಕಳೆದುಕೊಂಡ ಸರ್ವರು ಮತ್ತೆ ಏಳುವಾಗ, ಸಂರಚನೆ ಹೇಳುವ ಗಾತ್ರ ಒಂದು, ಡಿಸ್ಕಿನಲ್ಲಿರುವ ದಿನಚರಿಯ ಗಾತ್ರ ಇನ್ನೊಂದು ಎಂದು ಕಂಡು ಇನ್ನೋಡಿಬಿ ಮುಂದುವರಿಯಲು ನಿರಾಕರಿಸುತ್ತಿತ್ತು. 2013ರಲ್ಲಿ ಸಿದ್ಧವಾದ 5.6ನೆಯ ಆವೃತ್ತಿಯಿಂದ ಈಚೆಗೆ ಸರ್ವರು ತಾನೇ ದಿನಚರಿಯ ಗಾತ್ರವನ್ನು ಹೊಂದಿಸಿಕೊಳ್ಳುತ್ತದೆ. ನಿರಾಕರಣೆ ತೊಂದರೆಯೇ ಆದರೂ, ದೋಷ ಒಡನೆಯೇ ಬೆಳಕಿಗೆ ಬರುತ್ತಿತ್ತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಈ ಬಗೆಯ ಅನುಭವಗಳಿಂದ ಹುಟ್ಟಿದ ಪರಿಹಾರವೆಂದರೆ ಕಡತವನ್ನು ಒಡೆಯುವುದು. ಮೈ.ಸಿಎನ್‌ಎಫ್ ಎಂಬ ಮುಖ್ಯ ಕಡತದಲ್ಲಿ, ಇಂಥ ಕೋಶದೊಳಗಿನ ಕಡತಗಳನ್ನೂ ಓದು ಎಂಬ ಒಂದು ಸಾಲನ್ನಿರಿಸಲಾಯಿತು. ಪ್ಯಾಕೇಜು ತಂದದ್ದು ಪ್ಯಾಕೇಜಿನ ಕಡತದಲ್ಲಿರುತ್ತದೆ. ಸ್ಥಳೀಯರು ತಮ್ಮ ಸಾಲುಗಳನ್ನು ಆ ಕೋಶದಲ್ಲಿ ತಮ್ಮದೇ ಹೆಸರಿನ ಪ್ರತ್ಯೇಕ ಕಡತದಲ್ಲಿ ಬರೆಯುತ್ತಾರೆ. ಒಂದೇ ವಿಷಯವನ್ನು ಎರಡು ಕಡೆ ಹೇಳಿದ್ದರೆ ಕೊನೆಗೆ ಓದಿದ ಸಾಲು ನಿಲ್ಲುತ್ತದೆ. ಹೀಗಾದಾಗ ಪ್ಯಾಕೇಜಿನ ಕಡತವನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ನವೀಕರಣದಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಮೂಲಗ್ರಂಥದ ಸಾಲುಗಳ ನಡುವೆ ಟೀಕೆಯನ್ನು ತುರುಕದೆ ಬೇರೆ ಗರಿಯಲ್ಲಿ ಬರೆದಿಟ್ಟ ಲಿಪಿಕಾರನ ವಿವೇಕವೇ ಇಲ್ಲಿಯದೂ.

ಆದರೆ ಮೈಎಸ್‌ಕ್ಯೂಎಲ್‌ನ ಇತಿಹಾಸ ಇನ್ನೊಂದು ತೊಡಕನ್ನು ತಂದಿತು. ಅದರ ಒಡೆತನ 2008ರಲ್ಲಿ ಸನ್ ಸಂಸ್ಥೆಗೂ, ಸನ್ ಸಂಸ್ಥೆಯೊಡನೆ 2010ರಲ್ಲಿ ಒರೇಕಲ್ ಸಂಸ್ಥೆಗೂ ಸೇರಿತು. ಈ ನಡುವೆ ವಿಡೇನಿಯಸ್ 2009ರಲ್ಲಿ ಮಾರಿಯಾಡಿಬಿ ಎಂಬ ಕವಲನ್ನು ಆರಂಭಿಸಿದರು. 2017ರ ಜೂನ್ ತಿಂಗಳಲ್ಲಿ ಹೊರಬಂದ ಡೆಬಿಯನ್ 9 ಮೈಎಸ್‌ಕ್ಯೂಎಲ್‌ನ ಸ್ಥಾನದಲ್ಲಿ ಮಾರಿಯಾಡಿಬಿಯನ್ನು ಇರಿಸಿತು. ಒಂದೇ ಹೆಸರಿನ ಸಂರಚನಾ ಕಡತಕ್ಕೆ ಈಗ ಇಬ್ಬರು ವಾರಸುದಾರರು. ಇದಕ್ಕಾಗಿ ಮೈ.ಸಿಎನ್‌ಎಫ್ ಎಂಬುದನ್ನು ನೇರವಾದ ಕಡತವಾಗಿ ಇಡದೆ, ಇಬ್ಬರಲ್ಲಿ ಯಾರು ಸ್ಥಾಪಿತರಾಗಿರುವರೋ ಅವರ ಕಡತದತ್ತ ಬೆರಳು ತೋರುವ ಕೊಂಡಿಯಾಗಿ ಮಾಡಲಾಯಿತು. ಆ ಕೊಂಡಿಯ ಅರಿವಿಲ್ಲದೆ ಕಡತವನ್ನು ತಿದ್ದುವವರಿಗೆ ತಾವು ಯಾರ ಮನೆಯ ಗೋಡೆಯ ಮೇಲೆ ಬರೆಯುತ್ತಿದ್ದೇವೆಂಬುದು ತಿಳಿಯದೆ ಹೋಗುವ ಸಂಭವವುಂಟು.

ಇನ್ನು ಪೋಸ್ಟ್‌ಗ್ರೆಸ್ ಪರಂಪರೆ. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದು 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರನ್ನು ಪಡೆದ ಈ ಸರ್ವರು ತನ್ನ ಸಂರಚನಾ ಕಡತಗಳನ್ನು ಸಹಜವಾಗಿ ದತ್ತಾಂಶದ ಕೋಶದೊಳಗೇ ಇಟ್ಟುಕೊಳ್ಳುತ್ತದೆ. ದೊಡ್ಡ ಆವೃತ್ತಿ ಬದಲಾದಾಗ ಹೊಸ ಕೋಶವೊಂದನ್ನು ಸಿದ್ಧಮಾಡಿ ದತ್ತಾಂಶವನ್ನು ಅದಕ್ಕೆ ಸಾಗಿಸಬೇಕು. 2010ರಲ್ಲಿ 9.0 ಆವೃತ್ತಿಯೊಡನೆ ಸೇರಿದ ಪಿಜಿ-ಅಪ್‌ಗ್ರೇಡ್ ಎಂಬ ಸಾಧನ ಈ ಸಾಗಾಣಿಕೆಯನ್ನು ತ್ವರಿತವಾಗಿ ಮಾಡಿಕೊಡುತ್ತದೆ. ಆದರೆ ಸಂರಚನೆಯನ್ನು ಅದು ಸಾಗಿಸುವುದಿಲ್ಲ. ಯಾರಿಗೆ ಪ್ರವೇಶವುಂಟೆಂದು ಹೇಳುವ ಕಡತವನ್ನೂ ಇತರ ವಿಧಿಗಳನ್ನೂ ನಿರ್ವಾಹಕನೇ ಹೊಸ ಮನೆಗೆ ಒಯ್ಯಬೇಕು. ಡೆಬಿಯನ್ನಿನಲ್ಲಿ ಮಾರ್ಟಿನ್ ಪಿಟ್ ರೂಪಿಸಿದ ವ್ಯವಸ್ಥೆ ಈ ಕೊರತೆಯನ್ನು ತುಂಬಿತು. ಅಲ್ಲಿ ಸಂರಚನೆ ಇಟಿಸಿ ಕೋಶದಲ್ಲಿ ಆವೃತ್ತಿಗೊಂದರಂತೆ ಬೇರೆ ಬೇರೆ ಮನೆಗಳಲ್ಲಿರುತ್ತದೆ. ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡೂ ಅಕ್ಕಪಕ್ಕದಲ್ಲಿ ಬದುಕುತ್ತವೆ. ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಎಂಬ ಸಾಧನ ದತ್ತಾಂಶದೊಡನೆ ಸಂರಚನೆಯನ್ನೂ ಸಾಗಿಸಿ, ಹೊಸ ಆವೃತ್ತಿಗೆ ಸಲ್ಲದ ಸಾಲುಗಳನ್ನು ಅದಕ್ಕೆ ಹೊಂದುವಂತೆ ಸರಿಪಡಿಸುತ್ತದೆ.

5. ಉಳಿದ ಅಕ್ಷರ, ಬದಲಾದ ಅರ್ಥ

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಹಳೆಯ ಕಡತವನ್ನು ಒಂದಕ್ಷರವೂ ತಪ್ಪದಂತೆ ಉಳಿಸಿದರೆ ಪೂರ್ವವ್ಯವಸ್ಥೆಯನ್ನು ಕಾಪಾಡಿದಂತಾಯಿತೆ? ಹಾಗಾಗುವುದಿಲ್ಲವೆಂಬುದಕ್ಕೆ ಪ್ರಬಲವಾದ ಆಧಾರಗಳಿವೆ.

ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ಒಮ್ಮೆ ಕೇಳಿದ ಪ್ರಶ್ನೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಒಂದು ಸಂಗ್ರಹವಿತ್ತು. ಅದರ ಗಾತ್ರವನ್ನು ಹೇಳುವ ಸಾಲು ಅಸಂಖ್ಯ ಸಂರಚನಾ ಕಡತಗಳಲ್ಲಿತ್ತು. 2018ರ ಏಪ್ರಿಲ್‌ನಲ್ಲಿ ಸಿದ್ಧವಾದ 8.0 ಆವೃತ್ತಿಯಲ್ಲಿ ಈ ಸಂಗ್ರಹವನ್ನೇ ಕಿತ್ತುಹಾಕಲಾಯಿತು. ಹಳೆಯ ಸಾಲು ಉಳಿದ ಕಡೆಗಳಲ್ಲೆಲ್ಲ ಹೊಸ ಸರ್ವರು ತನಗೆ ತಿಳಿಯದ ಮಾತನ್ನು ಕಂಡು ಏಳದೆ ನಿಂತಿತು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿಯೂ 2016ರ ಜನವರಿಯಲ್ಲಿ ಬಂದ 9.5 ಆವೃತ್ತಿ ಚೆಕ್‌ಪಾಯಿಂಟ್-ಸೆಗ್ಮೆಂಟ್ಸ್ ಎಂಬ ವಿಧಿಯನ್ನು ತೆಗೆದು ಅದರ ಬದಲು ಬೇರೊಂದು ಅಳತೆಯ ವಿಧಿಯನ್ನಿರಿಸಿದಾಗ ಇದೇ ಆಯಿತು. ಈ ಸಂದರ್ಭಗಳಲ್ಲಿ ಕಡತ ಉಳಿಯಿತು, ವ್ಯವಸ್ಥೆ ಉಳಿಯಲಿಲ್ಲ. ಹಳೆಯ ಅಳತೆಯ ಹೆಸರು ಮರೆಯಾದ ಮೇಲೆ ದಾನಶಾಸನದ ಮತ್ತರುಗಳನ್ನು ಇಂದಿನ ಎಕರೆಗಳಿಗೆ ಹೊಂದಿಸಲು ನಾವು ಪಡುವ ಕಷ್ಟ ಇದಕ್ಕೆ ಸಮೀಪವಾದದ್ದು; ಸಾಲಿನ ಅಕ್ಷರ ಉಳಿದರೆ ಸಾಲದು, ಅದರ ಅಭಿಪ್ರಾಯವನ್ನು ಹೊಸ ಭಾಷೆಗೆ ತರಬೇಕು. ತಿಳಿಯದ ವಿಧಿಯನ್ನು ಕಂಡರೆ ನಿಲ್ಲದೆ ಎಚ್ಚರಿಕೆ ಕೊಟ್ಟು ಮುಂದುವರಿ ಎಂದು ಸಾಲಿನ ಮೊದಲಿಗೆ ಲೂಸ್ ಎಂಬ ಪದವನ್ನು ಸೇರಿಸುವ ಉಪಾಯ ಮೈಎಸ್‌ಕ್ಯೂಎಲ್‌ನಲ್ಲಿದೆ. ಅದರಿಂದ ಸರ್ವರು ಏಳುತ್ತದೆ. ಸಾಲಿನ ಅಭಿಪ್ರಾಯ ನೆರವೇರುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಬರೆಯದ ಸಾಲಿನ ಸಮಸ್ಯೆ. ಸಂರಚನಾ ಕಡತದಲ್ಲಿ ಹೇಳದೆ ಬಿಟ್ಟ ವಿಷಯಗಳಿಗೆ ಸರ್ವರಿನೊಳಗೇ ಒಂದು ಸಹಜ ಬೆಲೆಯಿರುತ್ತದೆ. ನಿರ್ವಾಹಕನು ಒಂದು ಸಾಲನ್ನು ಬರೆಯದೆ ಬಿಟ್ಟದ್ದು ಆ ಬೆಲೆಯನ್ನು ಒಪ್ಪಿಯೋ, ಅದರ ಅರಿವೇ ಇಲ್ಲದೆಯೋ ಎಂಬುದು ಕಡತದಿಂದ ತಿಳಿಯುವುದಿಲ್ಲ. ಆವೃತ್ತಿ ಬದಲಾದಾಗ ಸಹಜ ಬೆಲೆಯೂ ಬದಲಾಗಬಹುದು. 2015ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.7 ತಪ್ಪು ದತ್ತಾಂಶವನ್ನು ತಿದ್ದಿ ಒಳಗೆ ಬಿಟ್ಟುಕೊಳ್ಳುವ ಹಳೆಯ ಸಡಿಲಿಕೆಯನ್ನು ಬಿಟ್ಟು ಕಟ್ಟುನಿಟ್ಟಿನ ಕ್ರಮವನ್ನು ಸಹಜವಾಗಿಸಿತು. 2021ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ 14 ಗುಪ್ತಪದಗಳನ್ನು ಕಾದಿಡುವ ಸಹಜ ವಿಧಾನವನ್ನು ಎಂಡಿ5ರಿಂದ ಸ್ಕ್ರ್ಯಾಮ್ ಎಂಬುದಕ್ಕೆ ಬದಲಿಸಿತು. ಎರಡೂ ಒಳ್ಳೆಯ ಬದಲಾವಣೆಗಳೇ. ಆದರೆ ಹಳೆಯದನ್ನು ನಂಬಿಕೊಂಡಿದ್ದ ಬಳಕೆದಾರರ ಪ್ರೋಗ್ರಾಮುಗಳು, ಸಂರಚನಾ ಕಡತದಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಮಾರನೆಯ ದಿನ ಬೇರೆ ಆಳ್ವಿಕೆಯಲ್ಲಿ ಎಚ್ಚರಗೊಳ್ಳುತ್ತವೆ. ಡಿಪಿಕೆಜಿಯ ಮುದ್ರೆಯಾಗಲಿ ಆರ್‌ಪಿಎಂನ ಗುರುತಾಗಲಿ ಇದನ್ನು ಹಿಡಿಯಲಾರವು. ಆಕರದ ಮೌನಕ್ಕೂ ಅರ್ಥವುಂಟೆಂಬುದು ನಮಗೆ ಪರಿಚಿತವಾದ ಮಾತು. ಇಲ್ಲಿ ಆ ಮೌನದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಪ್ರತಿಯೊಂದು ಆವೃತ್ತಿಯ ಕರ್ತೃಗಳ ಕೈಯಲ್ಲಿದೆ.

6. ಪ್ರಶ್ನಾರ್ಥಕ ಚಿಹ್ನೆಗಳ ಕಾರಣ

ಈಗ ಪೀಠಿಕೆಯಲ್ಲಿ ಹೇಳಿದ ಘಟನೆಗೆ ಹಿಂದಿರುಗಬಹುದು. ಮೈಎಸ್‌ಕ್ಯೂಎಲ್ 8.0ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಅಕ್ಷರಗಳ ಸಹಜ ಸಂಕೇತಪದ್ಧತಿ ಲ್ಯಾಟಿನ್-1 ಎಂಬುದು. ಪಶ್ಚಿಮ ಯೂರೋಪಿನ ಲಿಪಿಗಳಿಗೆ ಅದು ಸಾಕು. ಕನ್ನಡದ ಒಂದು ಅಕ್ಷರಕ್ಕೂ ಅದರಲ್ಲಿ ಸ್ಥಳವಿಲ್ಲ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಗುಣಿತದ ಪ್ರತಿಯೊಂದು ಚಿಹ್ನೆಗೂ 3 ಬೈಟುಗಳ ಸಂಕೇತವುಂಟು. ಆದುದರಿಂದ ಆ ಸರ್ವರನ್ನು ಮೊದಲು ಸಿದ್ಧಪಡಿಸಿದವರು ಯುಟಿಎಫ್-8 ಬಳಸತಕ್ಕದ್ದೆಂದು ಸಂರಚನಾ ಕಡತದಲ್ಲಿ ಒಂದು ಸಾಲು ಬರೆದಿದ್ದರು. ನವೀಕರಣದ ಕಾಲದಲ್ಲಿ ಡಿಪಿಕೆಜಿ ಪ್ರಶ್ನಿಸಿದಾಗ, ಹೊಸದೇ ಉತ್ತಮವಾಗಿರಬೇಕೆಂದು ಎಣಿಸಿ ಹೊಸ ಕಡತವನ್ನು ಒಪ್ಪಿಕೊಳ್ಳಲಾಯಿತು. ಆ ಒಂದು ಸಾಲು ಹೋಯಿತು.

ಹಳೆಯ ದತ್ತಸಂಚಯಗಳು ಏಕೆ ಕೆಡಲಿಲ್ಲ? ಪ್ರತಿಯೊಂದು ದತ್ತಸಂಚಯವೂ ಹುಟ್ಟುವಾಗಲೇ ತನ್ನ ಸಂಕೇತಪದ್ಧತಿಯನ್ನು ತನ್ನೊಡನೆ ಬರೆದಿಟ್ಟುಕೊಳ್ಳುತ್ತದೆ. ಸಂರಚನೆಯ ಸಾಲು ಹೋದರೂ ಅವುಗಳಿಗೆ ಬಾಧೆಯಿಲ್ಲ. ಹೊಸದಾಗಿ ತೆರೆದ ದತ್ತಸಂಚಯ ಮಾತ್ರ ಸರ್ವರಿನ ಸಹಜ ಪದ್ಧತಿಯನ್ನು, ಎಂದರೆ ಲ್ಯಾಟಿನ್-1ನ್ನು, ಪಡೆಯಿತು. ನಾವು ಕಳುಹಿಸಿದ ಕನ್ನಡದ ಅಕ್ಷರಗಳಿಗೆ ಅಲ್ಲಿ ಸಮನಾದ ಸಂಕೇತ ಸಿಕ್ಕದೆ, ಪ್ರತಿಯೊಂದರ ಸ್ಥಾನದಲ್ಲಿಯೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಸರ್ವರು ಬರೆಯಿತು. ಕನ್ನಡ ಎಂಬ ಪದ ಕ, ನ, ಹಲಂತಚಿಹ್ನೆ, ನ, ಡ ಎಂಬ 5 ಸಂಕೇತಗಳಿಂದಾದದ್ದು. ಅದರ ಜಾಗದಲ್ಲಿ 5 ಪ್ರಶ್ನಾರ್ಥಕಗಳು ನಿಂತವು. ಕಟ್ಟುನಿಟ್ಟಿನ ಕ್ರಮ ಇದ್ದಿದ್ದರೆ ಮೊದಲ ನಮೂದಿನಲ್ಲಿಯೇ ಸರ್ವರು ತಡೆಯುತ್ತಿತ್ತು. ಸಡಿಲಿಕೆಯ ಕಾಲವಾದ್ದರಿಂದ ಮೆಲ್ಲನೆಯ ಎಚ್ಚರಿಕೆಯೊಂದನ್ನು ಹೇಳಿ ಸ್ವೀಕರಿಸುತ್ತ ಹೋಯಿತು. ಆ ಎಚ್ಚರಿಕೆಯನ್ನು ನಮ್ಮ ನಮೂದಿನ ಪ್ರೋಗ್ರಾಮು ಯಾರಿಗೂ ತೋರಿಸಲಿಲ್ಲ.

ಕಾರಣವನ್ನು ಕಂಡುಹಿಡಿಯಲು ನೆರವಾದದ್ದು ಪಕ್ಕದಲ್ಲಿ ಉಳಿದಿದ್ದ ಡಿಪಿಕೆಜಿ-ಓಲ್ಡ್ ಕಡತ. ಅದನ್ನೂ ಹೊಸ ಕಡತವನ್ನೂ ಜೊತೆಯಲ್ಲಿಟ್ಟು ಸಾಲುಸಾಲಾಗಿ ಹೋಲಿಸಿದಾಗ ಕಳೆದುಹೋದ ಸಾಲು ಸಿಕ್ಕಿತು. ಆದರೆ ಆ ಸಾಲಿನ ಪಕ್ಕದಲ್ಲಿ ಅದನ್ನು ಏಕೆ ಬರೆಯಲಾಗಿದೆಯೆಂಬ ಟಿಪ್ಪಣಿ ಇರಲಿಲ್ಲ. ಕನ್ನಡದ ನಮೂದುಗಳಿಗಾಗಿ, ತೆಗೆಯಬಾರದು ಎಂಬ ಒಂದೇ ವಾಕ್ಯ ಅಲ್ಲಿದ್ದು, ಉತ್ತರ ಹೇಳುವ ಮೊದಲು ವ್ಯತ್ಯಾಸವನ್ನು ತೆರೆದು ನೋಡಿದ್ದರೆ, ಎರಡು ವಾರಗಳ ದುಡಿಮೆ ಉಳಿಯುತ್ತಿತ್ತು. ಮೈಎಸ್‌ಕ್ಯೂಎಲ್ 8.0ರಿಂದ ಈಚೆಗೆ ಸಹಜ ಪದ್ಧತಿಯೇ ಯುಟಿಎಫ್-8ರ ಪೂರ್ಣರೂಪವಾಗಿರುವುದರಿಂದ ಇದೇ ಅನರ್ಥ ಇದೇ ರೂಪದಲ್ಲಿ ಆ ಆವೃತ್ತಿಗಳಲ್ಲಿ ಮರುಕಳಿಸಲಾರದು. ಬೇರೆ ಸಾಲಿನಲ್ಲಿ ಬೇರೆ ರೂಪದಲ್ಲಿ ಮರುಕಳಿಸುವುದಕ್ಕೆ ಅಡ್ಡಿಯೇನೂ ಇಲ್ಲ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಪೂರ್ವವ್ಯವಸ್ಥೆಯ ರಕ್ಷಣೆಯಲ್ಲಿ ನಾಲ್ಕು ಹಂತಗಳು ಕಂಡುಬರುತ್ತವೆ. ಹಳೆಯದರ ಮೇಲೆ ಹೊಸದನ್ನು ಹೇರುತ್ತಿದ್ದ ಕಾಲ ಮೊದಲನೆಯದು. ಮೂಲಪ್ರತಿಯ ಮುದ್ರೆಯನ್ನಿಟ್ಟುಕೊಂಡು ಸ್ಥಳೀಯರು ತಿದ್ದಿರುವರೋ ಇಲ್ಲವೋ ಎಂದು ಗುರುತಿಸಿದ್ದು ಎರಡನೆಯದು. ಪ್ಯಾಕೇಜಿನ ಮಾತನ್ನೂ ಸ್ಥಳೀಯರ ಮಾತನ್ನೂ ಬೇರೆ ಬೇರೆ ಕಡತಗಳಲ್ಲಿರಿಸಿದ್ದು ಮೂರನೆಯದು. ಸಾಲಿನ ಅಭಿಪ್ರಾಯವನ್ನು ಹೊಸ ಆವೃತ್ತಿಯ ಭಾಷೆಗೆ ತರುವುದು ನಾಲ್ಕನೆಯದು. ಮೊದಲ ಮೂರನ್ನು ಯಂತ್ರಕ್ಕೆ ಒಪ್ಪಿಸಲಾಗಿದೆ. ನಾಲ್ಕನೆಯದರಲ್ಲಿ ಯಂತ್ರದ ನೆರವು ಭಾಗಶಃ ಮಾತ್ರ ದೊರೆಯುತ್ತದೆ, ಏಕೆಂದರೆ ಅಭಿಪ್ರಾಯವೆಂಬುದು ಬಹುಮಟ್ಟಿಗೆ ಕಡತದಲ್ಲಿ ಇರುವುದೇ ಇಲ್ಲ.

ಇದಕ್ಕೆ ದೊರೆಯುವ ಪರಿಹಾರವು ಇತಿಹಾಸಕಾರರಿಗೆ ಪ್ರಿಯವಾಗತಕ್ಕದ್ದೇ ಆಗಿದೆ. ಜೋಯಿ ಹೆಸ್ ಎಂಬುವರು ರಚಿಸಿದ ಇಟಿಸಿಕೀಪರ್ ಎಂಬ ಸಾಧನ, ಇಟಿಸಿ ಕೋಶದ ಪ್ರತಿಯೊಂದು ಬದಲಾವಣೆಯನ್ನೂ 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್ ಮೊದಲಾದ ಆವೃತ್ತಿರಕ್ಷಕಗಳಲ್ಲಿ ದಾಖಲಿಸುತ್ತದೆ. ಪ್ಯಾಕೇಜಿನ ನವೀಕರಣವಾದಾಗ ಮುಂಚಿನ ಸ್ಥಿತಿಯನ್ನೂ ಅನಂತರದ ಸ್ಥಿತಿಯನ್ನೂ ತಾನಾಗಿ ಬರೆದುಕೊಳ್ಳುತ್ತದೆ. ಯಾರು, ಯಾವ ದಿನ, ಯಾವ ಸಾಲನ್ನು ಬದಲಿಸಿದರೆಂಬುದು ಅದರಿಂದ ತಿಳಿಯುತ್ತದೆ. ಏಕೆ ಬದಲಿಸಿದರೆಂಬುದನ್ನು ಮಾತ್ರ ಬರೆಯುವವರೇ ಬರೆಯಬೇಕು.

ನಮ್ಮ ವಿದ್ವತ್ಸಂಸ್ಥೆಗಳಲ್ಲಿ ದತ್ತಸಂಚಯಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಸಂರಚನಾ ಕಡತವನ್ನು ಕೇವಲ ತಂತ್ರಜ್ಞರ ವಸ್ತುವೆಂದು ಬಿಟ್ಟುಬಿಡುವುದು ಯುಕ್ತವಲ್ಲ. ಅದರಲ್ಲಿರುವ ಪ್ರತಿಯೊಂದು ಸಾಲೂ ಯಾವುದೋ ಅಗತ್ಯಕ್ಕೆ ಯಾರೋ ಕೊಟ್ಟ ಉತ್ತರ. ಅಗತ್ಯವನ್ನು ಹೇಳುವ ಒಂದು ವಾಕ್ಯವನ್ನು ಪಕ್ಕದಲ್ಲಿ ಬರೆದಿಡುವುದು, ಅವಲಂಬಿಸಿರುವ ಬೆಲೆಯನ್ನು ಮೌನಕ್ಕೆ ಬಿಡದೆ ಸ್ಪಷ್ಟವಾಗಿ ನಮೂದಿಸುವುದು, ನವೀಕರಣವಾದ ದಿನವೇ ಹೊಸದಾಗಿ ಒಂದು ಕನ್ನಡದ ನಮೂದನ್ನು ಮಾಡಿ ಮರಳಿ ಓದಿನೋಡುವುದು, ಇವು ಮೂರೂ ಕಷ್ಟದ ಕೆಲಸಗಳಲ್ಲ. ಚೀಟಿಗಳು ಉಳಿದಿದ್ದುದರಿಂದ ಆ ತಾಲ್ಲೂಕಿನ ಶಾಸನಗಳ ಸೂಚಿ ಈಗ ಪೂರ್ಣವಾಗಿದೆ. ಚೀಟಿಗಳಿಲ್ಲದೆ ನೇರವಾಗಿ ಯಂತ್ರದಲ್ಲಿಯೇ ಹುಟ್ಟುವ ದಾಖಲೆಗಳಿಗೆ ಆ ಎರಡನೆಯ ಅವಕಾಶವಿರುವುದಿಲ್ಲ.